ನಮ್ಮವರ ಸಿದ್ಧಾಂತ, ಊರ ಚಾವಡಿಯ ಬೆಂಕಿ

ನಮ್ಮವರಿಗೆ ಎರಡು ಹುಚ್ಚು. ಒಂದು ಚಹಾ, ಇನ್ನೊಂದು ಸಿದ್ಧಾಂತ. ಧಾರವಾಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಪುಣೆಯಲ್ಲಿ ಓದುವಾಗ ತಲೆಗೆ ಹತ್ತಿದ ವರ್ಗಸಂಘರ್ಷದ ವಿಚಾರವನ್ನು ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೇ ಕೊಡುತ್ತಿದ್ದರು. ಚಹಾ ಬೇಡವೆನ್ನಬಹುದಿತ್ತು, ಇದನ್ನು ಬೇಡವೆನ್ನುವ ಹಾಗಿರಲಿಲ್ಲ.

ವಿಚಾರ ಇಷ್ಟೇ. ಸಮಾಜವೆಂದರೆ ಇದ್ದವರಿಗೂ ಇಲ್ಲದವರಿಗೂ ಸದಾ ನಡೆದಿರುವ ಜಗ್ಗಾಟ. ಎಲ್ಲಾದರೂ ದೊಂಬಿ ಎದ್ದರೆ ಜನ ಏನು ಕೂಗಿದರು ಎಂಬುದನ್ನು ಬಿಟ್ಟು, ಏನನ್ನು ಮುರಿದರು, ಅದರಿಂದ ಯಾರಿಗೆ ಲಾಭ, ಯಾರಿಗೆ ಲುಕ್ಸಾನು ಎಂದು ನೋಡಬೇಕು. ಅವರ ಗೆಳೆಯರು ಇದರ ಮೇಲೆ ತಾಸುಗಟ್ಟಲೆ ವಾದ ಮಾಡುತ್ತಿದ್ದರು. ಬಾಗಿಲ ಹಿಂದೆ ಅಕ್ಕಿ ಆರಿಸುತ್ತ ಕೂತ ನನಗೆ ಮಾತ್ರ ಅದು ಮೊದಲ ದಿನವೇ ತಿಳಿದುಹೋಯಿತು. ಸೊಸೆಯಾಗಿ ಬಂದವಳಿಗೆ ಇಂಥದ್ದಕ್ಕೆ ಪುಸ್ತಕ ಬೇಕೇ? ಉಗ್ರಾಣದ ಕೀಲಿಕೈ ಅತ್ತೆಯ ಸೊಂಟದಲ್ಲಿತ್ತು, ಎಲ್ಲರದೂ ಆದ ಮೇಲೆ ನನ್ನ ಊಟ. ಅತ್ತೆ ಕೆಟ್ಟವರಲ್ಲ, ಜಗ್ಗಾಟದಲ್ಲಿ ಹಗ್ಗದ ಆ ತುದಿ ಅವರ ಕೈಯಲ್ಲಿತ್ತು, ಅಷ್ಟೇ.

ಬ್ರಿಟಿಷರು ದೇಶ ಬಿಟ್ಟು ಹೋಗಲಿ ಎಂಬ ಕೂಗೆದ್ದ ನಲವತ್ತೆರಡನೆಯ ಇಸವಿ. ಸುತ್ತಲ ಹಳ್ಳಿಗಳಲ್ಲಿ ತಂತಿ ಕಡಿಯುವುದು, ಅಂಚೆ ಡಬ್ಬಿ ಸುಡುವುದು ದಿನದ ಸುದ್ದಿಯಾಗಿತ್ತು. ಗರಗದ ದಾರಿಯಲ್ಲಿ ನಮ್ಮ ಊರು. ಅಲ್ಲಿ ಮಾವನವರು ಬಿಟ್ಟುಹೋದ ಹೊಲವಿತ್ತು. ಅದನ್ನು ಒಬ್ಬ ರೈತ ಅರ್ಧ ಪಾಲಿಗೆ ಮಾಡುತ್ತಿದ್ದ. ಅವನದು ಬಹಳ ಮಾತಿಲ್ಲ. ವರ್ಷಕ್ಕೊಮ್ಮೆ ಚಕ್ಕಡಿಯಲ್ಲಿ ಜೋಳ ತಂದು ಇಳಿಸಿ, ಕಟ್ಟೆಯ ಕೆಳಗೆ ಕೂತು ನೀರು ಕುಡಿದು ಹೋಗುತ್ತಿದ್ದ.

ಒಂದು ದಿನ ಮುಂಜಾನೆ ಅವನ ಹೆಂಡತಿ ನಡೆದುಕೊಂಡೇ ಧಾರವಾಡಕ್ಕೆ ಬಂದಳು. ಕಾಲೆಲ್ಲ ಕೆಸರು. ಅತ್ತೆ ಮೇಲಿನಿಂದ ಬೊಗಸೆಗೆ ನೀರು ಹಾಕಿದರು. ಕುಡಿದು ಮುಗಿಸುವ ತನಕವೂ ಆಕೆಗೆ ತಾಳ್ಮೆಯಿರಲಿಲ್ಲ.

“ಬಾಯಾರ, ಊರಾಗ ಚಾವಡಿ ಸುಟ್ಟಾರ್ರಿ. ಹೊಲದ ಕಾಗದ ಎಲ್ಲಾ ಬೂದಿ ಆಗ್ಯಾವು. ಸರಕಾರದ ಪಟ್ಟಿ ರೊಕ್ಕದ ಪೆಟಗಿನೂ ಇಲ್ಲಂತ. ಪೊಲೀಸರು ಬಂದು ನಮ್ಮನ್ಯಾವರನ್ನೂ ಹಿಡಕೊಂಡು ಹೋದ್ರು. ರಾಯರಿಗೆ ಹೇಳಿ ಏನಾರ ಮಾಡ್ರಿ.”

ನಮ್ಮವರು ಒಳಗಿನಿಂದ ಓಡಿ ಬಂದರು. ಅವರಿಗೆ ದುಃಖವಾದದ್ದು ನಿಜ. ಆದರೆ ಅವರು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? “ಬೇವಿನ ಗಿಡಕ್ಕ ಅಂಚಿ ಡಬ್ಬಿ ಇತ್ತಲ್ಲ, ಅದನ್ನೂ ಸುಟ್ರೇನು?”

“ಇಲ್ರಿ. ಅದು ಹಂಗ ಜೋತಾಡಾಕತ್ತೈತಿ.”

ನಮ್ಮವರ ಮುಖ ಅರಳಿತು. ಆ ಹೆಣ್ಣುಮಗಳ ಎದುರಿಗೆ ನನಗೆ ನಾಚಿಕೆಯಾಯಿತು. ಒಳಗೆ ಕರೆದು ಕೂಡ್ರಿಸುವ ಅಧಿಕಾರ ನನಗಿರಲಿಲ್ಲ. ಹೊರಗೇ ಆಕೆಯ ಪಕ್ಕ ಕೂತು, ಕೈ ಹಿಡಿದುಕೊಂಡೆ. ಅತ್ತೆ ನೋಡಿಯೂ ನೋಡದ ಹಾಗೆ ಒಳಗೆ ಹೋದರು.

ಅಂದು ಸಂಜೆ ಎದುರು ಮನೆಯ ಪೊಲೀಸ್ ಫೌಜದಾರರು ಚಹಾಕ್ಕೆ ಬಂದರು. ನಮ್ಮ ಓಣಿಯಲ್ಲೇ ಬಾಡಿಗೆಗಿದ್ದರು, ಬಂದರೆ ಅರ್ಧ ತಾಸು ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಈ ಪ್ರಕರಣ ಅವರ ಕೈಯಲ್ಲೇ ಇತ್ತು. ಅವರ ಎದುರು ಜಾಣ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ನಮ್ಮವರು ಪಾಠಕ್ಕೆ ನಿಂತರು.

“ನೋಡ್ರಿ ಫೌಜದಾರ ಸಾಹೇಬ್ರ, ಸಿಟ್ಟು ಬ್ರಿಟಿಷರ ಮ್ಯಾಲೆ ಇದ್ರ ಮೊದಲು ಅಂಚಿ ಡಬ್ಬಿ ಸುಡಬೇಕಿತ್ತು. ಅದಕ್ಕ ಯಾರೂ ಕೈ ಹಚ್ಚಿಲ್ಲ. ಸುಟ್ಟದ್ದು ಹೊಲದ ಕಾಗದ. ಬಾಯಾಗ ಸ್ವರಾಜ್ಯ ಅದ, ಕೈಯಾಗ ಬ್ಯಾರೆ ಲೆಕ್ಕ ಅದ. ಈ ಬೆಂಕಿ ನಮ್ಮಂಥ ಹೊಲದ ಮಾಲಕರ ಮ್ಯಾಲೆ.”

ಫೌಜದಾರರು ಬಾಯಿಗೆ ಒಯ್ದ ಚಹಾದ ಬಸಿಯನ್ನು ಕೆಳಗಿಟ್ಟರು. “ಪ್ರೊಫೆಸರ್ ಸಾಹೇಬ್ರ, ಇದನ್ನ ಕೋರ್ಟಿನ್ಯಾಗ ಬಂದು ಹೇಳ್ತೀರೇನು? ಸ್ವರಾಜ್ಯದ ಗದ್ದಲ ಅಂದ್ರ ಇವರು ನಾಕು ತಿಂಗಳು ಒಳಗ ಕೂತು, ಹಾರ ಹಾಕಿಸ್ಕೊಂಡು ಹೊರಗ ಬರ್ತಾರ. ನೀವು ಹೇಳಿದ್ದು ದಾಖಲಾತು ಅಂದ್ರ ಇದು ದರೋಡಿ. ವರ್ಷಗಟ್ಟಲೆ ಕಲ್ಲು ಒಡೀತಾರ. ಮ್ಯಾಲಿನವರಿಗೂ ಇದು ದರೋಡಿ ಆದ್ರ ಛಲೋ.”

ನಮ್ಮವರು ಗಡಬಡಿಸಿ ಎದ್ದರು. “ನಾ ಹೇಳಿದ್ದು ಶಾಸ್ತ್ರದ ಮಾತು” ಎಂದು ತೊದಲಿದರು.

“ಅಷ್ಟ ಸಾಕು. ನಾಳೆ ಬಂದು ಹೇಳಿಕಿ ಬರಕೊಳ್ತೀನಿ” ಎಂದು ಫೌಜದಾರರು ಎದ್ದುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅತ್ತೆಗೆ ಇದರಲ್ಲಿ ತೊಡಕೇ ಕಾಣಲಿಲ್ಲ. “ಹೋಗಿ ಹೇಳು. ಇದ್ದದ್ದು ಇದ್ಹಾಂಗ ಹೇಳಿದ್ರ ಪಾಪ ಏನದ? ಕಾಗದ ಸುಟ್ಟಾವ, ನಾಳೆ ಅವ ಹೊಲ ತನ್ನದ ಅಂದ್ರ ಏನು ಮಾಡ್ತಿ? ಈ ಯುದ್ಧದ ತುಟ್ಟಿ ಕಾಲದಾಗ ನಾವು ಏನು ತಿನ್ನೂಣು?” ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಸುಳ್ಳಾಗಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಕಟ್ಟೆಯ ಕೆಳಗೆ ನನ್ನ ಕೈ ಹಿಡಿದು ಕೂತಿದ್ದವಳು ಕಣ್ಣ ಮುಂದೆ ಬರುತ್ತಿದ್ದಳು. ಅವಳ ಗಂಡನ ಬದುಕಿನ ಎಷ್ಟೋ ವರ್ಷಗಳು ನಮ್ಮವರ ನಾಲಿಗೆಯ ತುದಿಯಲ್ಲಿದ್ದವು.

ಅಡುಗೆಮನೆಯ ಬಾಗಿಲಲ್ಲಿ ಅವರನ್ನು ನಿಲ್ಲಿಸಿ ಕೇಳಿಯೇಬಿಟ್ಟೆ. “ನಿಮ್ಮ ಸಿದ್ಧಾಂತದಾಗ ನಾವು ಯಾವ ಕಡೆಯವ್ರು?”

“ಇದ್ದವರ ಕಡೆ. ಅದರಾಗ ಸಂಶಯ ಏನದ?”

“ಹಂಗಾರ ಇದ್ದವರು ಸಾಕ್ಷಿ ಹೇಳಿದ್ರ ಯಾರಿಗೆ ಲಾಭ ಅಂತ ನೋಡಬೇಕಲ್ಲ? ಊರ ಮಂದಿಗೆಲ್ಲಾ ಹಚ್ಚೂ ಅಳತಿ ನಿಮಗ ಹಚ್ಚೂ ಹಂಗಿಲ್ಲೇನು?”

ಅವರಿಗೆ ಕೆಟ್ಟ ಸಿಟ್ಟು ಬಂತು. ಕೊಡೆಯನ್ನೂ ಮರೆತು ಕೆಲಗೇರಿ ಕೆರೆಯ ಕಡೆ ಹೊರಟೇಬಿಟ್ಟರು. ತಿರುಗಿ ಬಂದಾಗ ಧೋತರ ತೊಯ್ದು ತೊಪ್ಪೆಯಾಗಿತ್ತು, ಮುಖದಲ್ಲಿ ಮಾತ್ರ ನಗೆಯಿತ್ತು. “ಭಾಳ ಹಸಿವ್ಯಾಗೇದ, ಊಟಕ್ಕ ಹಾಕು” ಎಂದರು. ನನಗೆ ಅರ್ಧ ಜೀವ ಬಂದ ಹಾಗಾಯಿತು.

ಮರುದಿನ ಫೌಜದಾರರು ಕಾಗದ ಹಿಡಿದು ಬಂದರು. ನಮ್ಮವರು ಬಲು ಆದರದಿಂದ ಕೂಡ್ರಿಸಿದರು. “ಕೋರ್ಟಿಗೆ ಬರ್ತೀನಿ. ಆದ್ರ ಪೂರಾ ಹೇಳ್ತೀನಿ. ಮೊದಲು ನಾ ಆ ಹೊಲದ ಮಾಲಕ, ನಮ್ಮ ರೈತ ಒಳಗ ಹೋದ್ರ ನನಗ ಲಾಭ, ಹಿಂಗಾಗಿ ನನ್ನ ಮಾತು ಭಾಳ ನಂಬಬ್ಯಾಡ್ರಿ ಅಂತ ಹೇಳ್ತೀನಿ. ಆಮ್ಯಾಲೆ ಇದನ್ನ ದರೋಡಿ ಅನ್ನೂದರಾಗ ಸರಕಾರಕ್ಕ ಏನು ಲಾಭ ಅಂತ ಬಿಡಿಸಿ ಹೇಳ್ತೀನಿ. ಕಡೀಕ ಫೌಜದಾರರ ಬಡ್ತಿ ವಿಷಯಕ್ಕ ಬರ್ತೀನಿ. ಎರಡು ತಾಸು ಹಿಡೀತದ. ನಡೀತದಲ್ಲ?”

ಫೌಜದಾರರು ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡರು. “ನೀವು ಕಾಲೇಜಿನ್ಯಾಗ ಹೇಳ್ಕೋತ ಇರ್ರಿ ಸಾಹೇಬ್ರ. ಅಲ್ಲಿ ಹುಡುಗರು ಎದ್ದು ಹೋಗೂ ಹಂಗಿಲ್ಲ” ಎಂದು ಮೆಟ್ಟಿಲಿಳಿದರು. ಆಮೇಲೆ ಬಹಳ ದಿನ ನಮ್ಮ ಚಹಾ ಅವರಿಗೆ ಸೇರಲಿಲ್ಲ. ನಾನು ಒಳಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಮದುವೆಯಾದ ಮೇಲೆ ಗಂಡನನ್ನು ನೋಡಿ ಅಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು.

ದರೋಡೆಯೆನ್ನಲು ಬೇರೆ ಸಾಕ್ಷಿ ಸಿಗಲಿಲ್ಲ. ರೊಕ್ಕದ ಪೆಟ್ಟಿಗೆ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಹಿಡಿದೊಯ್ದ ಊರವರೆಲ್ಲರಿಗೂ ಚಳವಳಿಯ ಗದ್ದಲವೆಂದೇ ಕೆಲವು ತಿಂಗಳ ಶಿಕ್ಷೆಯಾಯಿತು.

ಬಿತ್ತಿಗೆಗೆ ಮುಂಚೆ ನಮ್ಮ ರೈತ ಬಿಡುಗಡೆಯಾಗಿ, ಹೆಂಡತಿಯ ಜೊತೆ ನಮ್ಮಲ್ಲಿಗೆ ಬಂದ. ಸೊರಗಿದ್ದ, ತಲೆ ಬೋಳಿಸಿದ್ದರು. ಈ ಸಲ ಕೆಳಗೆ ಕೂಡಲಿಲ್ಲ, ನೆಟ್ಟಗೆ ಬಂದು ಕಟ್ಟೆಯ ಮೇಲೆ ಕೂತ. ಅತ್ತೆಯ ಹುಬ್ಬು ಮೇಲೇರಿತು. ಉಪಕಾರ ನೆನೆದು ಕೈ ಮುಗಿಯುತ್ತಾನೆಂದು ಅವರು ಕಾದಿರಬೇಕು. ನಾನೂ ಒಂದಿಷ್ಟು ಕಾದಿದ್ದೆ.

ನಮ್ಮವರಿಗೆ ತಡೆಯಲಾಗಲಿಲ್ಲ. “ಈಗಾದ್ರೂ ಖರೇ ಹೇಳಪಾ, ಆ ಚಾವಡಿ ಯಾಕ ಸುಟ್ಟಿರಿ?”

“ಅದನ್ನ ಕೋರ್ಟಿನ್ಯಾಗ ಹೇಳೇನ್ರಿ ರಾಯರ” ಎಂದ. “ಈಗ ಪಾಲಿನ ಮಾತಿಗೆ ಬರ್ರಿ. ಅರ್ಧ ಪಾಲು ಇನ್ನ ಆಗೂದುಲ್ಲ. ಮೂರರಾಗ ಎರಡು ನನಗ, ಒಂದು ನಿಮಗ. ಹೂಂ ಅಂದ್ರ ಬಿತ್ತತೇನಿ. ಇಲ್ಲಂದ್ರ ಹೊಲ ಬೀಳ ಬೀಳತೈತಿ.”

ಅತ್ತೆ ಮಗನ ಕಡೆ ತಿರುಗಿದರು. “ಈಗ ಹೇಳು ನಿನ್ನ ಶಾಸ್ತ್ರ! ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ ಆಗಬಾರದು.” ಹೀಗೆ ಕೆಣಕಿದರೆ ಮಗ ಎಚ್ಚೆತ್ತು ಆಗುವುದಿಲ್ಲವೆಂದಾನೆಂದು ಅವರ ಆಸೆ. ನಮ್ಮವರು ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಎದ್ದು ನಿಂತಿದ್ದರು. “ಆತು, ಬಿತ್ತು” ಎಂದರು.

ಆ ಸುಗ್ಗಿಗೆ ಜೋಳದ ಚಕ್ಕಡಿ ಹಗುರಾಗಿ ಬಂತು. ಚೀಲಕ್ಕೆ ಕೈ ಹಚ್ಚಿ ಇಳಿಸುತ್ತ ನಮ್ಮವರು ಓಣಿಗೆಲ್ಲ ಕೇಳುವ ಹಾಗೆ, “ನೋಡ್ರಿ, ಆ ಬೆಂಕಿ ನಮ್ಮಂಥವರ ಮ್ಯಾಲೆ ಅಂತ ನಾ ಹೇಳಿದ್ದು ಖರೇ ಆತು!” ಎಂದು ಸಾರುತ್ತಿದ್ದರು. ಲುಕ್ಸಾನು ಮಾಡಿಕೊಂಡು ಇಷ್ಟು ಸಂತೋಷಪಟ್ಟ ಮತ್ತೊಬ್ಬ ಮನುಷ್ಯನನ್ನು ನಾನು ಕಾಣೆ.