ಹತ್ತನೇ ಹಾಡಿಗೆ ರಿಯಾಯಿತಿ ಬೇಡ

ಅವಳ ದನಿ ರೇಡಿಯೋದಲ್ಲಿ ಕೇಳಿಸಿತೆಂದರೆ ಜನ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಯಾರು ಹೋದರು?’

ತಪ್ಪು ಜನರದ್ದಲ್ಲ. ನಲವತ್ತೊಂದು ವರ್ಷದ ಹಿಂದೆ ಅವಳು ಹಾಡಿದ ಒಂದು ಶೋಕದ ಹಾಡನ್ನು ರೇಡಿಯೋದವರು ದೊಡ್ಡವರು ಸತ್ತಾಗಲೆಲ್ಲ ಹಾಕುತ್ತ ಬಂದಿದ್ದರು. ಮಂತ್ರಿ ಸತ್ತರೂ ಅದೇ ಹಾಡು, ಕುಸ್ತಿ ಪಟು ಸತ್ತರೂ ಅದೇ ಹಾಡು. ಎರಡನೇ ಚರಣದಲ್ಲಿ ಅವಳ ಗಂಟಲು ಕಟ್ಟಿ, ದನಿ ಒಂದು ಗಳಿಗೆ ನಿಂತು, ಮತ್ತೆ ಹೊರಡುತ್ತದೆ. ಆ ಒಂದು ಗಳಿಗೆಯ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದಿವೆ. ಇಡೀ ಮನುಕುಲದ ನೋವು ಅಲ್ಲಿ ಮಡುಗಟ್ಟಿದೆ ಎಂದವರೂ ಉಂಟು. ನಿಜ ಹೇಳಬೇಕೆಂದರೆ ಅವತ್ತು ಅವಳಿಗೆ ಜೋರು ನೆಗಡಿ. ಇನ್ನೊಮ್ಮೆ ಹಾಡೋಣವೆಂದರೆ ಸ್ಟುಡಿಯೋದಲ್ಲಿ ಟೇಪು ಮುಗಿದುಹೋಗಿತ್ತು. ಹೀಗೆ ಒಂದು ನೆಗಡಿಯ ದೆಸೆಯಿಂದ ಅವಳಿಗೆ ‘ಕಣ್ಣೀರಮ್ಮ’ ಎಂಬ ಹೆಸರು ಅಂಟಿಕೊಂಡಿತು. ನೆಗಡಿ ನಾಲ್ಕು ದಿನಕ್ಕೆ ಹೋಯಿತು, ಹೆಸರು ಹೋಗಲಿಲ್ಲ.

ಹಾಗಂತ ಕಣ್ಣೀರಮ್ಮ ಅಳುಮುಂಜಿಯೇನಲ್ಲ. ಗಂಡ ಹೆಂಡತಿ ಸೇರಿ ವಾದ್ಯ ರಿಪೇರಿಯ ಅಂಗಡಿ ನಡೆಸುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಮುಚ್ಚಲು ಬಾರದ ಒಂದು ಬಾಗಿಲು. ಅಕಾರ್ಡಿಯನ್ನಿಗೆ ಗಾಳಿ ಊದುವ ತಿದಿ ಹರಿದರೆ ಚರ್ಮ ಅಂಟಿಸುವುದು, ಗಿಟಾರಿನ ಬಾಗಿದ ಕತ್ತು ನೆಟ್ಟಗೆ ಮಾಡುವುದು ಗಂಡನ ಕೆಲಸ. ಸ್ವರ ಹೊರಡಿಸುವ ರೀಡುಗಳನ್ನು ಸಣ್ಣ ಅರದಿಂದ ಒಂದೊಂದಾಗಿ ಕೆರೆದು ಶ್ರುತಿ ಕೂಡಿಸುವುದು ಅವಳದು, ಯಾಕೆಂದರೆ ಅವಳ ಕಿವಿ ಅವನ ಕಿವಿಗಿಂತ ಚುರುಕು. ಕೆಲಸ ಮಾಡುತ್ತ ಇಬ್ಬರೂ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ರಿಪೇರಿಗೆ ಕೊಡಲು ಬಂದವರು ಇವಳೇ ಆ ಗಾಯಕಿ ಎಂದರೆ ನಂಬುತ್ತಿರಲಿಲ್ಲ.

ಸಭಾಂಗಣಗಳಿಗೆ ಹಾಡಲು ಕರೆಯುತ್ತಿದ್ದವರು ಹೋಗುವಾಗ ಬಾಗಿಲಲ್ಲಿ ನಿಂತು, ‘ಆ ಹಾಡು ಮಾತ್ರ ಇರಲೇಬೇಕಮ್ಮ’ ಎನ್ನುತ್ತಿದ್ದರು. ಅವಳು ಹಾಡುತ್ತಿದ್ದಳು. ಜನ ಚೆನ್ನಾಗಿ ಅತ್ತು, ಮೂಗು ಒರೆಸಿಕೊಂಡು, ಹಗುರವಾಗಿ ಮನೆಗೆ ಹೋಗುತ್ತಿದ್ದರು. ‘ಅವರೆಲ್ಲ ಇಳಿಸಿಟ್ಟು ಹೋದರು, ಹೊತ್ಕೊಂಡು ಬಂದೋಳು ನಾನು’ ಎಂದು ಅವಳು ಗಂಡನ ಹತ್ತಿರ ಹೇಳಿದ್ದುಂಟು.

ಅವಳಿಗೆ ಅರವತ್ತಾರು ತುಂಬಿದ ವರ್ಷ ಗಂಡನ ಶ್ವಾಸಕೋಶ ಕೆಟ್ಟಿತು. ಡಾಕ್ಟರು ತಿಂಗಳುಗಳ ಲೆಕ್ಕ ಹೇಳಿ ಕಳಿಸಿದರು. ‘ತಿದಿ ಹರಿದಿದೆ ಕಣೇ, ಇದಕ್ಕೆ ಹಚ್ಚೋ ಚರ್ಮ ಯಾವ ಅಂಗಡೀಲೂ ಸಿಗಲ್ಲ’ ಎಂದು ಅವನೇ ತಮಾಷೆ ಮಾಡಿದ. ಆಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದ: ‘ನೀನು ಖುಷಿಯಾಗಿ ಹಾಡೋದನ್ನ ನಾನೊಬ್ಬನೇ ಕೇಳಿರೋದು. ಊರಿಗೆಲ್ಲ ಅಳು ಹಂಚಿ, ನಗು ಮನೇಲಿ ಬಚ್ಚಿಟ್ಕೊಂಡಿದೀಯ. ಅನ್ಯಾಯ ಅಲ್ವಾ?’

ಆ ಮಾತಿನಿಂದ ಹುಟ್ಟಿದ್ದು ‘ಇವತ್ತು ರಜಾ’ ಎಂಬ ಆಲ್ಬಮ್. ಹತ್ತು ಹಾಡು, ಹತ್ತೂ ಕುಣಿಯುವ ಹಾಡು. ಕಳೆದುಹೋದ ಕನ್ನಡಕದ ಮೇಲೊಂದು, ಗೊರಕೆ ಹೊಡೆಯುವ ಪಕ್ಕದ ಮನೆಯವನ ಮೇಲೊಂದು, ತಪ್ಪಿಹೋದ ಬಸ್ಸಿನ ಮೇಲೊಂದು. ಗಂಡ ಸ್ಟುಡಿಯೋಗೆ ಬರುವಂತಿರಲಿಲ್ಲವಾದ್ದರಿಂದ ಧ್ವನಿಮುದ್ರಣದವನೇ ತನ್ನ ಪೆಟ್ಟಿಗೆ, ಮೈಕು ಹೊತ್ತುಕೊಂಡು ಅಂಗಡಿಗೆ ಬಂದ. ಮಂಚವನ್ನು ಅಕಾರ್ಡಿಯನ್‌ಗಳ ನಡುವೆ ಎಳೆದುಹಾಕಿದರು. ಅವನು ಮಲಗಿದಲ್ಲಿಂದಲೇ ಸ್ಪ್ಯಾನರಿನಿಂದ ಮಂಚದ ಕಂಬಿ ಕುಟ್ಟಿ ತಾಳ ಹಾಕುತ್ತಿದ್ದ. ಅವಳು ಉಸಿರು ಸಾಲದೆ ನಿಧಾನ ಮಾಡಿದರೆ ಅವನು ಇನ್ನೂ ಜೋರು ಕುಟ್ಟುತ್ತಿದ್ದ.

‘ರೀ, ಸ್ವಲ್ಪ ನಿಧಾನ. ನನಗೆ ವಯಸ್ಸಾಯ್ತು.’

‘ನಿಧಾನ ಮಾಡಿದ್ರೆ ನನಗೆ ನಿದ್ದೆ ಬರುತ್ತೆ. ನಾನು ಮಲಗಿಬಿಟ್ರೆ ಆಮೇಲೆ ಏಳೋದು ಗ್ಯಾರಂಟಿ ಇಲ್ಲ, ನೋಡು.’

ಒಂಬತ್ತು ಹಾಡು ಅವನ ಮುಂದೆಯೇ ಆದವು. ಹತ್ತನೆಯದು, ಬಸ್ಸಿನ ಹಾಡು, ಬಾಕಿಯಿದ್ದಾಗ ಅವನು ಹೋದ. ಎರಡು ವಾರ ಕಳೆದು ಅವಳು ಧ್ವನಿಮುದ್ರಣದವನನ್ನು ಕರೆಸಿ, ಮಂಚವಿದ್ದ ಖಾಲಿ ಜಾಗದ ಪಕ್ಕ ನಿಂತು, ಅದೇ ವೇಗದಲ್ಲಿ, ತೊಡೆ ತಟ್ಟಿಕೊಂಡು ಹಾಡಿದಳು: ಬಸ್ಸು ಹೋದರೆ ಹೋಗಲಿ, ನಡೆದೇ ಹೋಗೋಣ ಬಾ. ಒಂದೇ ಸಲಕ್ಕೆ ಸರಿಯಾಯಿತು. ಧ್ವನಿಮುದ್ರಣದವನು ತಲೆ ಬಗ್ಗಿಸಿ ಕೂತಿದ್ದ. ‘ಸುರ್ ಅಂತ ಮೂಗು ಎಳೀಬೇಡಪ್ಪ, ಮೈಕಿಗೆ ಕೇಳಿಸುತ್ತೆ’ ಎಂದು ಅವನನ್ನು ಗದರಿಸಿದಳು.

ಒಬ್ಬಳೇ ಮಗಳು, ಶಾಲೆಯಲ್ಲಿ ಟೀಚರು. ಅವಳಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ‘ಅಪ್ಪ ಹೋಗಿ ಎರಡು ವಾರ ಆಗಿದೆ. ತೊಡೆ ತಟ್ಕೊಂಡು ಹಾಡ್ತೀಯಲ್ಲಮ್ಮ’ ಎಂದಳು. ಆಲ್ಬಮ್ ಬಂದ ಮೇಲೂ ಅದನ್ನು ಕೇಳಲಿಲ್ಲ. ಅಮ್ಮ ಒತ್ತಾಯಿಸಲೂ ಇಲ್ಲ.

ಆದರೆ ಊರು ಕೇಳಿತು. ಕೇಳಿ ಮೂಗು ಮುರಿಯಿತು. ದೊಡ್ಡ ಪತ್ರಿಕೆಯೊಂದರ ಸಂಗೀತ ವಿಮರ್ಶಕರು ಮೂವತ್ತು ವರ್ಷದಿಂದ ಕಣ್ಣೀರಮ್ಮನ ಭಕ್ತರು. ತಾಯಿ ತೀರಿಕೊಂಡಾಗ ಆ ಶೋಕದ ಹಾಡೇ ತಮ್ಮ ಕೈ ಹಿಡಿಯಿತೆಂದು ಎಷ್ಟೋ ಸಲ ಬರೆದಿದ್ದರು. ಅಂಥವರೇ ಈಗ ಅರ್ಧ ಪುಟ ಬೈದಿದ್ದರು. ‘ಅರವತ್ತಕ್ಕೆ ಅರಳು ಮರಳು’ ಎಂದೇ ಶುರು. ‘ಅಷ್ಟು ಆಳದ ನೋವು ಕಂಡವರು ಇಷ್ಟು ಹಗುರವಾಗಲು ಹೇಗೆ ಸಾಧ್ಯ? ವೇಗ ವಯಸ್ಸಿಗೆ ಒಗ್ಗುವುದಿಲ್ಲ, ಉಸಿರು ಸಾಲುವುದಿಲ್ಲ. ಎಂಟನೇ ಹಾಡಿನಲ್ಲಿ, ಕನ್ನಡಕದ ಹಾಡಿನ ಕೊನೆಗೆ, ಒಂದೇ ಒಂದು ಕಡೆ ಅವರ ಗಂಟಲು ಕಟ್ಟುತ್ತದೆ, ನಮ್ಮ ಹಳೆಯ ಗಾಯಕಿ ಇಣುಕುತ್ತಾರೆ. ಹತ್ತನೆಯದಂತೂ ಬದುಕಿನಲ್ಲಿ ಏನನ್ನೂ ಕಳೆದುಕೊಳ್ಳದವರ ಪೊಳ್ಳು ನಗು.’

ಒಬ್ಬರು ಕೆಮ್ಮಿದರೆ ಹತ್ತು ಜನ ಕೆಮ್ಮುತ್ತಾರೆ. ಉಳಿದ ಪತ್ರಿಕೆಗಳೂ ಕೈ ತೊಳೆದುಕೊಂಡು ಹಿಂದೆ ಬಿದ್ದವು. ‘ಅಜ್ಜಿ ಜಾರುಬಂಡೆ ಆಡಿದ ಹಾಗಿದೆ’ ಎಂದು ಒಬ್ಬ ಬರೆದ. ಅದನ್ನು ಓದಿ ಕಣ್ಣೀರಮ್ಮ, ‘ಆಡಿದ್ರೆ ಇವನಪ್ಪನ ಗಂಟೇನು ಹೋಯ್ತು?’ ಎಂದು ಅರ ಕೈಗೆ ತಗೊಂಡಳು. ಆದರೆ ‘ಏನನ್ನೂ ಕಳೆದುಕೊಳ್ಳದವರು’ ಎಂಬ ಮಾತು ಅವಳಿಗೆ ನಾಟಿತ್ತು. ಅವತ್ತು ಒಂದೇ ರೀಡನ್ನು ಕೆರೆದು ಕೆರೆದು ಹಾಳು ಮಾಡಿದಳು, ನಲವತ್ತು ವರ್ಷದಲ್ಲಿ ಮಾಡದ ತಪ್ಪು.

ಆ ವಾರವೇ ರೇಡಿಯೋದಿಂದ ಫೋನ್ ಬಂತು. ವಿಮರ್ಶಕರನ್ನೂ ಅವಳನ್ನೂ ಎದುರುಬದುರು ಕೂರಿಸಿ ನೇರ ಪ್ರಸಾರ ಮಾಡುತ್ತಾರಂತೆ. ಅವಳು ಒಪ್ಪಿದಳು.

‘ಅಮ್ಮ, ಅಪ್ಪನ ವಿಷಯ ಹೇಳಿಬಿಡು’ ಎಂದಳು ಮಗಳು. ‘ಹತ್ತನೇ ಹಾಡು ಯಾವಾಗ ಹಾಡಿದೆ ಅಂತ ಒಂದು ಮಾತು ಹೇಳು ಸಾಕು. ಎಲ್ಲರ ಬಾಯಿ ಮುಚ್ಚುತ್ತೆ. ಕಾಲಿಗೆ ಬೀಳ್ತಾರೆ.’

‘ಹೇಳಲ್ಲ.’

‘ಯಾಕಮ್ಮ ಈ ಹಟ?’

‘ಹೇಳಿದ್ರೆ ಏನಾಗುತ್ತೆ ಗೊತ್ತಾ? ಇದನ್ನೂ ತಗೊಂಡು ಹೋಗಿ ಸಾವಿನ ಕಪಾಟಲ್ಲಿ ಇಡ್ತಾರೆ. ನಾಳೆ ಯಾರಾದ್ರೂ ಸತ್ರೆ ಇದನ್ನೇ ಹಾಕ್ತಾರೆ. ನಾನೂ ನಿಮ್ಮಪ್ಪನೂ ಕೂಡಿ ಮಾಡಿದ್ದು ಒಂದೇ ಒಂದು ನಗೋ ವಸ್ತು. ಅದನ್ನ ಅಳೋರ ಕೈಗೆ ಕೊಡಲ್ಲ ನಾನು.’

ಮಗಳು ಮುಖ ತಿರುಗಿಸಿಕೊಂಡಳು. ಅಪ್ಪನಿಗಾಗಿ ಯಾರೂ ಅಳುತ್ತಿಲ್ಲವೆಂದು ಅವಳಿಗೆ ಐದು ತಿಂಗಳಿಂದ ಒಳಗೇ ಕುದಿಯುತ್ತಿತ್ತು. ಅಮ್ಮ ಅಳದಿದ್ದರೆ ಹೋಗಲಿ, ರೇಡಿಯೋ ಕೇಳುವವರಾದರೂ ಅಳಲಿ ಎಂದು ಅವಳ ಆಸೆ.

ರೇಡಿಯೋ ಕಚೇರಿಯ ಕೋಣೆಗೆ ಒಂದು ಗಾಜಿನ ಗೋಡೆ, ಉಳಿದ ಮೂರು ಗೋಡೆಗೆ ಸ್ಪಂಜು. ಮೇಜಿನ ಮೇಲೆ ಕಾಗದದ ಲೋಟದಲ್ಲಿ ಟೀ ಆರುತ್ತಿತ್ತು. ವಿಮರ್ಶಕರು ಸೌಮ್ಯ ಮುಖದ ಮನುಷ್ಯ, ಎದ್ದು ನಿಂತು ಕೈ ಮುಗಿದರು. ಮಗಳು ಗಾಜಿನ ಆಚೆ ಕುರ್ಚಿಯಲ್ಲಿ ಕೂತಳು. ಅದಕ್ಕೆ ಮೊದಲು ನಿರೂಪಕಿಯ ಜೊತೆ ಮೊಗಸಾಲೆಯಲ್ಲಿ ಎರಡು ನಿಮಿಷ ಪಿಸುಗುಟ್ಟಿದ್ದಳು. ಕಣ್ಣೀರಮ್ಮ ಅದನ್ನು ಗಮನಿಸಿರಲಿಲ್ಲ.

ಕೆಂಪು ದೀಪ ಹತ್ತಿತು. ನಿರೂಪಕಿ ದನಿಗೆ ಜೇನು ಸವರಿಕೊಂಡು ಶುರುಮಾಡಿದಳು.

‘ಅಮ್ಮಾ, ಶ್ರೋತೃಗಳಿಗೆ ಗೊತ್ತಿಲ್ಲದ ಒಂದು ವಿಷಯ. ಐದು ತಿಂಗಳ ಹಿಂದೆ ನೀವು ನಿಮ್ಮ ಯಜಮಾನರನ್ನ ಕಳ್ಕೊಂಡ್ರಿ. ಈ ಹತ್ತನೇ ಹಾಡನ್ನ ಅವರು ಹೋಗಿ ಎರಡೇ ವಾರಕ್ಕೆ ಹಾಡಿದ್ರಿ. ಹೌದಲ್ವಾ?’

ಕಣ್ಣೀರಮ್ಮ ಗಾಜಿನ ಆಚೆ ನೋಡಿದಳು. ಮಗಳು ಕಣ್ಣು ತಗ್ಗಿಸಿದಳು. ಬಾಯಿಗೆ ಬಂದ ಸಿಟ್ಟನ್ನು ಹಲ್ಲು ಕಚ್ಚಿ ತಡೆದುಕೊಂಡಳು ತಾಯಿ.

ವಿಮರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣು ನಿಜವಾಗಿಯೂ ತುಂಬಿತ್ತು. ‘ಅಮ್ಮಾ, ನನಗೆ ಗೊತ್ತಿರಲಿಲ್ಲ. ದೊಡ್ಡ ತಪ್ಪಾಯ್ತು. ಈಗ ಎಲ್ಲಾ ಅರ್ಥ ಆಗ್ತಿದೆ. ಎಂಟನೇ ಹಾಡಲ್ಲಿ ನಿಮ್ಮ ಗಂಟಲು ಕಟ್ಟಿದ್ದು ಅದಕ್ಕೇ. ಇದು ನಗುವಿನ ಆಲ್ಬಮ್ಮೇ ಅಲ್ಲ, ಇದು ಬಚ್ಚಿಟ್ಟ ಅಳು. ನಾನು ಬರೆದದ್ದನ್ನ ವಾಪಸ್ ತಗೋತೀನಿ. ಮತ್ತೆ ಬರೀತೀನಿ. ಮೇರು ಕೃತಿ ಅಂತಲೇ ಬರೀತೀನಿ.’

ಗೆಲುವು ತಟ್ಟೆಯಲ್ಲಿ ಬಂದಿತ್ತು. ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು.

‘ಎಂಟನೇ ಹಾಡಿನ ದಿನ ನಮ್ಮೆಜಮಾನ್ರು ಬದುಕಿದ್ರು’ ಎಂದಳು ಕಣ್ಣೀರಮ್ಮ. ‘ಕುಟ್ಟಿ ಕುಟ್ಟಿ ಮಂಚದ ಕಾಲು ಮುರ್ಕೊಂಡು, ಹಾಸಿಗೆ ಸಮೇತ ಜಾರಿ ಒಂದು ಡೋಲಿನ ಮೇಲೆ ಕೂತ್ರು. ನನಗೆ ನಗು ತಡೆಯೋಕಾಗದೆ ಗಂಟಲು ಕಟ್ತು. ಚೆನ್ನಾಗಿದೆ, ಹಾಗೇ ಇರಲಿ ಅಂತ ಅವರೇ ಅಂದ್ರು.’

ವಿಮರ್ಶಕರು ಕನ್ನಡಕ ಮತ್ತೆ ಹಾಕಿಕೊಂಡರು. ‘ಆಯ್ತಮ್ಮ. ಆದ್ರೆ ಹತ್ತನೇ ಹಾಡಿನ ಮಾತು ಮಾತ್ರ...’

‘ಯಾಕೆ, ಹಾಡು ಬದಲಾಯ್ತಾ? ನಿನ್ನೆ ಪೊಳ್ಳಾಗಿದ್ದದ್ದು ಇವತ್ತು ಹೇಗೆ ಗಟ್ಟಿಯಾಯ್ತು? ಅದೇ ಹಾಡು, ಅದೇ ಬಸ್ಸು. ಕೆಟ್ಟದು ಅನ್ನಿಸಿದ್ರೆ ಕೆಟ್ಟದು ಅನ್ನಿ ಸಾರ್. ಕಿವಿ ನಿಮ್ಮದು, ನಿಮ್ಮ ಹಕ್ಕು. ನನ್ನ ಗಂಡ ಸತ್ರು ಅಂತ ಅದನ್ನ ಪಾಸ್ ಮಾಡ್ಬೇಡಿ. ಅದಕ್ಕೆ ರಿಯಾಯಿತಿ ಬೇಡ.’

ನಿರೂಪಕಿಗೆ ಕಾರ್ಯಕ್ರಮ ಕೈ ತಪ್ಪುತ್ತಿದೆ ಅನ್ನಿಸಿತು. ‘ಹಾಗಾದ್ರೆ ಆ ದಿನ ನಿಮಗೆ ದುಃಖಾನೇ ಇರಲಿಲ್ವಾ ಅಮ್ಮಾ?’

‘ಇತ್ತು. ಬೇಕಾದಷ್ಟಿತ್ತು. ಈಗಲೂ ಇದೆ. ಅದು ನನ್ನ ಮನೇದು. ಹಾಡಲ್ಲಿ ಇಟ್ಟಿರೋದು ಖುಷಿ. ನಲವತ್ತೊಂದು ವರ್ಷ ನಿಮಗೆಲ್ಲ ಅಳೋಕೆ ಹಾಡು ಕೊಟ್ಟೆ, ಸುಖವಾಗಿ ಅತ್ರಿ. ಈ ಸಲ ನಗು ಕೊಟ್ಟಿದೀನಿ. ಬೇಡ್ವಾ, ಬಿಟ್ಬಿಡಿ. ಆದ್ರೆ ಅದನ್ನ ಹಿಂಡಿ ಹಿಂಡಿ ಕಣ್ಣೀರು ತೆಗೀಬೇಡಿ.’

ಕೊನೆಗೆ ನಿರೂಪಕಿ ಎಂದಿನ ಅಭ್ಯಾಸದಂತೆ ಹಳೆಯ ಹಾಡಿನ ಎರಡು ಸಾಲು ಕೇಳಿದಳು. ಕಣ್ಣೀರಮ್ಮ ಮೇಜು ಕುಟ್ಟಿ ಬಸ್ಸಿನ ಹಾಡು ಎತ್ತಿಕೊಂಡಳು, ಅದೇ ಪೂರ್ತಿ ವೇಗದಲ್ಲಿ. ಮೂರನೇ ಚರಣಕ್ಕೆ ಉಸಿರು ಕಟ್ಟಿತು. ಮೈಕಿನ ಮುಂದೆಯೇ, ನಾಚಿಕೆಯಿಲ್ಲದೆ, ದೊಡ್ಡದಾಗಿ ಒಂದು ಉಸಿರೆಳೆದು ಮುಂದುವರಿಸಿದಳು. ಟೀ ಲೋಟ ಉರುಳಿಬಿತ್ತು.

ವಾಪಸ್ ಬರುವಾಗ ತಾಯಿ ಮಗಳು ನಡೆದೇ ಹೊರಟರು.

‘ನಾನು ಹೇಳಬಾರದಿತ್ತು’ ಎಂದಳು ಮಗಳು.

‘ಹೇಳಬಾರದಿತ್ತು.’

‘ಆದ್ರೆ ಅಮ್ಮ, ನನಗೆ ಅಳು ಬರುತ್ತೆ. ನಾನೇನು ಮಾಡ್ಲಿ?’

‘ಅಳು ಮಗಳೇ, ಯಾರು ಬೇಡ ಅಂದ್ರು? ನನ್ನ ಹೆಗಲ ಮೇಲೆ ಅಳು. ಹಾಡಿನ ಮೇಲೆ ಹಾಕ್ಬೇಡ.’

ಮಗಳು ಅಲ್ಲೇ, ಬೀದಿಯಲ್ಲೇ, ಬೀಗ ಹಾಕಿದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತಳು. ತಾಯಿ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅಲ್ಲಿ ಮೈಕಿರಲಿಲ್ಲ, ಆದ್ದರಿಂದ ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಭಾನುವಾರದ ಪತ್ರಿಕೆಯಲ್ಲಿ ವಿಮರ್ಶಕರು ಮತ್ತೆ ಬರೆದರು. ಅಮ್ಮ ಅರ ಹಿಡಿದು ಒಂದು ಅಕಾರ್ಡಿಯನ್ನಿನ ಹೊಟ್ಟೆ ಬಿಚ್ಚಿ ಕೂತಿದ್ದಾಗ ಮಗಳು ಗಟ್ಟಿಯಾಗಿ ಓದಿದಳು. ‘ಮೂರು ಸಲ ಕೇಳಿದೆ. ಎಂಟನೇ ಹಾಡಿನಲ್ಲಿ ನಾನು ಕೇಳಿಸಿಕೊಂಡ ನೋವು ನನ್ನದೇ ಇದ್ದೀತು, ಅವರದಲ್ಲ. ಇದು ನಗುವಿನ ಆಲ್ಬಮ್ಮೇ. ಆದರೆ ನನಗೆ ಈಗಲೂ ಇಷ್ಟವಾಗಲಿಲ್ಲ. ವೇಗ ಹೆಚ್ಚು, ಉಸಿರು ಕಡಿಮೆ. ಹತ್ತನೇ ಹಾಡು ಎರಡು ಚರಣ ಉದ್ದವಾಯಿತು.’

‘ನೋಡಿದ್ಯಾ! ಕಣ್ಣಲ್ಲಿ ನೀರು ಹಾಕಿ ಹೋದವನು ಮತ್ತೆ ಬೈದಿದ್ದಾನೆ’ ಎಂದು ಮಗಳು ಪತ್ರಿಕೆಯನ್ನು ಮೇಜಿಗೆ ಬಡಿದಳು.

ಕಣ್ಣೀರಮ್ಮ ಅರ ಕೆಳಗಿಟ್ಟಳು. ‘ಕೊನೆ ಸಾಲು ಇನ್ನೊಂದ್ಸಲ ಓದು.’

ಮಗಳು ಓದಿದಳು.

‘ಎರಡು ಚರಣ ಉದ್ದ ಅಂತಾನಾ?’ ಅವಳು ತಲೆ ಹಿಂದಕ್ಕೆ ಹಾಕಿ, ಅಂಗಡಿಯ ತಂತಿಗಳೆಲ್ಲ ಗುಂಯ್ಯೆನ್ನುವ ಹಾಗೆ ನಕ್ಕಳು. ‘ಈ ಹಾಡು ಕಟ್ಟೋವಾಗ ನಿಮ್ಮಪ್ಪನೂ ಅದೇ ಅಂದಿದ್ರು ಕಣೇ. ಕಡಿಮೆ ಮಾಡು, ಕಡಿಮೆ ಮಾಡು ಅಂತ ತಲೆ ತಿಂದಿದ್ರು. ನಾನೇ ಕೇಳಲಿಲ್ಲ.’

ಅಷ್ಟು ಹೇಳಿ, ತೊಡೆ ತಟ್ಟಿಕೊಂಡು, ಆ ಎರಡು ಚರಣವನ್ನೇ ಒಂದಕ್ಷರ ಬಿಡದೆ ಹಾಡಿದಳು. ಮಗಳು ಈ ಸಲ ಕೂತು ಪೂರ್ತಿ ಕೇಳಿದಳು.