ನೋಡಾಕತ್ತೀನಿ, ಅಲ್ಲೇ ನಿಂದ್ರು

ಕೊಟ್ರಪ್ಪ ನಮ್ಮ ವಠಾರದ ಕೊನೆಯ ಕೋಣೆಯಲ್ಲಿ ಬಾಡಿಗೆಗಿದ್ದ. ಕೂಡ್ಲಿಗಿ ಕಡೆಯವನು, ಸೆಂಟ್ರಿಂಗ್ ಕೆಲಸದವನು. ನಿಂತರೆ ಬಾಗಿಲು ತುಂಬುವಂಥ ಆಳು. ಆದರೆ ಅವನಷ್ಟು ಪುಕ್ಕಲನನ್ನು ನಾನು ಹೆಬ್ಬಗೋಡಿಯಲ್ಲಿ ಕಂಡಿಲ್ಲ. ಅವನಿಗೆ ಹೆದರಿಕೆ ನಾಯಿಯದಲ್ಲ, ಪೊಲೀಸರದಲ್ಲ, ದಾರಿ ತಪ್ಪುವುದರದು. ಬೆಂಗಳೂರಿಗೆ ಬಂದ ಹೊಸದರಲ್ಲಿ ಬೇಗೂರಿನ ಕೆಲಸಕ್ಕೆಂದು ಹೊರಟಿದ್ದನಂತೆ. ಕೇಳಿದವರೆಲ್ಲ ಒಂದೊಂದು ಕಡೆಗೆ ಕೈ ತೋರಿಸಿ, ಸಂಜೆ ಹೊತ್ತಿಗೆ ಅತ್ತಿಬೆಲೆಯಲ್ಲಿ ಅಳುತ್ತ ನಿಂತಿದ್ದನಂತೆ. ಇದನ್ನು ಅವನೇ ನನಗೆ ಹೇಳಿದ್ದು, ನಗದೆ.

ಸ್ಮಾರ್ಟ್‌ಫೋನ್ ಬಂದ ಮೇಲೆ ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. ಮೇಸ್ತ್ರಿ ಬೆಳಿಗ್ಗೆ ಸೈಟಿನ ಲೊಕೇಶನ್ ಕಳಿಸುತ್ತಿದ್ದ, ಇವನು ನೀಲಿ ಗೆರೆ ಹಿಡಿದು ಹೊರಡುತ್ತಿದ್ದ. ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಗೆರೆಯೇ ಸಾಕಾಗಿತ್ತು. ಅಂದಿನಿಂದ ಯಾರನ್ನೂ ದಾರಿ ಕೇಳುವುದನ್ನು ಬಿಟ್ಟುಬಿಟ್ಟ. ಇಲ್ಲೇ ಹುಟ್ಟಿ, ಇಲ್ಲೇ ಆಟೋ ಓಡಿಸಿ ತಲೆ ನೆರೆಸಿಕೊಂಡ ನಾನು ಅಡ್ಡದಾರಿ ತೋರಿಸಿದರೂ ಒಮ್ಮೆ ಫೋನ್ ನೋಡಿಯೇ ತಲೆಯಾಡಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎರಡು ಸಾವಿರದ ಹದಿನೆಂಟರ ಬೇಸಿಗೆ. ಅವನ ತಾಯಿ ದುರ್ಗವ್ವನ ಎರಡೂ ಕಣ್ಣಿಗೆ ಪೊರೆ ಬಂದು, ಎದುರು ನಿಂತವರ ಮುಖವೂ ಮಸುಕಾಗಿತ್ತು. ಇಲ್ಲಿ ಆಪರೇಷನ್ ಮಾಡಿಸೋಣವೆಂದು ಕರೆಸಿಕೊಂಡ. ಜೊತೆಗೆ ಬರಬೇಕಿದ್ದ ತಮ್ಮ ಹೊರಡುವ ದಿನವೇ ಜ್ವರ ಬಂದು ಮಲಗಿದ. ಆಸ್ಪತ್ರೆಯವರು ಕೊಟ್ಟ ದಿನ ತಪ್ಪಬಾರದೆಂದು ಮುದುಕಿ ಒಬ್ಬಳೇ ಬಸ್ಸು ಹತ್ತಿದಳು. ಅವಳ ಹತ್ತಿರ ಫೋನಿರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿಸಿ ಎಂದು ಕಂಡಕ್ಟರಿಗೆ ಹೇಳಿದ್ದರು. ಕೊಟ್ರಪ್ಪ ಅಲ್ಲಿ ಕಾಯುವುದು, ನಾನು ಆಟೋದಲ್ಲಿ ಇಬ್ಬರನ್ನೂ ಕರೆತರುವುದು ಎಂದು ಮಾತಾಗಿತ್ತು.

ಬೆಳಿಗ್ಗೆ ನಾನು ಆಟೋ ಒರೆಸುತ್ತಿದ್ದಾಗ ಅವನ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ರಾಮಾಂಜಿನಪ್ಪ ಎಂಬ ಟೆಂಪೋ ಡ್ರೈವರು. ಬೆಂಗಳೂರು ಬಂತು ಎಂದು ಯಾರೋ ಅಂದರಂತೆ, ಜನ ಇಳಿದರಂತೆ, ದುರ್ಗವ್ವನೂ ಗಂಟು ಹಿಡಿದು ಇಳಿದುಬಿಟ್ಟಿದ್ದಳು. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮಗನ ನಂಬರಿನ ಚೀಟಿಯನ್ನು ಅವನಿಗೆ ತೋರಿಸಿದ್ದಳು.

"ನಾನು ಲೋಡ್ ತಗೊಂಡು ಹೊರಟಿದ್ದೀನಿ ಗುರು. ಅಜ್ಜೀನ ಬಸ್ ಸ್ಟಾಪಲ್ಲಿ ನಿಲ್ಲಿಸಿದ್ದೀನಿ" ಎಂದ.

"ಲೊಕೇಶನ್ ಹಾಕ್ರಿ ಅಣ್ಣಾರ. ಅವ್ವಗ ಒಂಚೂರು ಕೊಡ್ರಿ" ಎಂದ ಕೊಟ್ರಪ್ಪ. ತಾಯಿಗೆ ಗಟ್ಟಿಯಾಗಿ ಹೇಳಿದ: "ಬೇ ಅವ್ವಾ, ಅಂಜಬ್ಯಾಡ. ನಾ ಫೋನ್‌ನಾಗ ನಿನ್ನ ನೋಡಾಕತ್ತೀನಿ. ಅಲ್ಲೇ ನಿಂದ್ರು, ಒಂದು ಹೆಜ್ಜಿ ಅಲ್ಲಾಡಬ್ಯಾಡ."

ಫೋನ್ ಇಟ್ಟ ಮೇಲೆ ನಾನು ಕೇಳಿದೆ. "ಯಾವ ಜಾಗ ಅಂತೆ?"

"ಲೊಕೇಶನ್ ಬಂದೈತಲ್ರಿ ಮುನಿಯಣ್ಣಾರ."

"ಊರಿನ ಹೆಸರು ಕೇಳಿದ್ರೆ ಬಾಯಿ ಸವೀತಿತ್ತೇನೋ?"

ಅವನಿಗೆ ಕೇಳಿಸಲಿಲ್ಲ. ಆಟೋ ಹತ್ತಿಯಾಗಿತ್ತು. ಹೊಸೂರು ರಸ್ತೆಗೆ ಬಂದು ಫೋನ್ ಬಿಚ್ಚಿ ನೋಡಿದರೆ ಮ್ಯಾಪಿನಲ್ಲಿ ಆ ಲೊಕೇಶನ್ನಿನ ಚುಕ್ಕಿ ಪೀಣ್ಯದ ಹತ್ತಿರ ಓಡುತ್ತಿತ್ತು. ಕೊಟ್ರಪ್ಪನಿಗೆ ಹೋದ ಜೀವ ಬಂದಂತಾಯಿತು. ಆ ಪುಣ್ಯಾತ್ಮ ಟೆಂಪೋದಲ್ಲಿ ಕೂರಿಸಿಕೊಂಡು ಈ ಕಡೆಗೇ ತರುತ್ತಿದ್ದಾನೆ ಎಂದ. ನನಗೂ ಹಾಗೇ ಅನ್ನಿಸಿತು. ಇಲ್ಲದಿದ್ದರೆ ಚುಕ್ಕಿ ಯಾಕೆ ಓಡಬೇಕು?

ಸಿಲ್ಕ್ ಬೋರ್ಡಿನ ಜಂಜಾಟದಲ್ಲಿ ಸಿಕ್ಕಿಕೊಂಡಿದ್ದಾಗ ಚುಕ್ಕಿ ಗೊರಗುಂಟೆಪಾಳ್ಯದಿಂದ ಹೆಬ್ಬಾಳದ ಕಡೆ ತಿರುಗಿತು. ನಾನು ಫೋನ್ ಕಿತ್ತುಕೊಂಡು ನೋಡಿದೆ. ನಮ್ಮ ಕಡೆಗೆ ಬರುವವನು ಆ ದಾರಿ ಹಿಡಿಯುವುದಿಲ್ಲ. ಕೊಟ್ರಪ್ಪ ಫೋನ್ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತುಹೋಯಿತು. ಮತ್ತೆ ಮಾಡಿದ. ಮತ್ತೆ ಅದೇ.

"ಎಲ್ಲಿಗೆ ಒಯ್ಯಾಕತ್ತಾನ್ರಿ ನಮ್ಮವ್ವನ್ನ?"

ಮುದುಕಿಯ ಕೊರಳಲ್ಲಿ ಬಂಗಾರದ ಗುಂಡು ಇರುವುದನ್ನು ಹಿಂದೊಮ್ಮೆ ಅವಳು ಬಂದಾಗ ನೋಡಿದ್ದೆ. ಈಗ ಅದೇ ನೆನಪಾಯಿತು. ಆದರೂ "ಗಾಡಿ ಓಡಿಸ್ತಾ ಫೋನ್ ಎತ್ತಿದ್ರೆ ಫೈನ್ ಆಕ್ತಾರೆ, ಅದಕ್ಕೆ ಎತ್ತಿರಾಕಿಲ್ಲ" ಎಂದು ಸಮಾಧಾನ ಹೇಳಿ ಆಟೋವನ್ನು ಮಾರತ್ತಹಳ್ಳಿ ಕಡೆಗೆ ತಿರುಗಿಸಿದೆ. ಚುಕ್ಕಿ ಕೆ.ಆರ್. ಪುರ ದಾಟಿತು. ವೈಟ್‌ಫೀಲ್ಡ್ ಕಡೆ ನುಗ್ಗಿತು. ಕೊಟ್ರಪ್ಪ ಮನೆದೇವರನ್ನೆಲ್ಲ ಕರೆದ, ಹರಕೆ ಹೊತ್ತ, ತಮ್ಮನನ್ನು ಬೈದ, ತನ್ನನ್ನೂ ಬೈದುಕೊಂಡ.

ಒಂದು ಕಂಪನಿಯ ದೊಡ್ಡ ಗೇಟಿನ ಮುಂದೆ ಚುಕ್ಕಿ ನಿಂತಿತು. ನಾವು ಅಲ್ಲಿಗೆ ಮುಟ್ಟುವಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಅಲ್ಲಿ ಅಜ್ಜಿ ಇಲ್ಲ, ಟೆಂಪೋ ಇಲ್ಲ, ಒಬ್ಬ ಸೆಕ್ಯುರಿಟಿಯವನಿದ್ದ. ಕೊಟ್ರಪ್ಪ ಮತ್ತೆ ಫೋನ್ ಒತ್ತಿದ. ಈ ಸಲ ಗಂಟೆ ನಮಗೇ ಕೇಳಿಸಿತು. ಸೆಕ್ಯುರಿಟಿಯವನ ಮೇಜಿನ ಮೇಲೆ, ಒಂದು ಮರದ ಪೆಟ್ಟಿಗೆಯೊಳಗೆ.

"ಡ್ರೈವರ್‌ಗಳ ಫೋನ್ ಇಲ್ಲೇ ಇಟ್ಟು ಹೋಗ್ಬೇಕು ಸಾರ್, ರೂಲ್ಸು" ಎಂದ ಅವನು. "ಅಜ್ಜಿ ಗಿಜ್ಜಿ ಯಾರೂ ಬಂದಿಲ್ಲ."

ಕೊಟ್ರಪ್ಪ ಆ ಪೆಟ್ಟಿಗೆಯನ್ನೇ ನೋಡುತ್ತ ನಿಂತ. ಬೆಳಗಿನಿಂದ ಅವ್ವ ಎಂದುಕೊಂಡು ಹಿಂಬಾಲಿಸಿದ್ದು ಅದನ್ನೇ ಎಂದು ಅವನಿಗೆ ಅರ್ಥವಾದದ್ದು ಮುಖದಲ್ಲೇ ಕಾಣಿಸಿತು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದು ಗಲಾಟೆ ಮಾಡಿದ ಮೇಲೆ ಒಳಗಿನಿಂದ ರಾಮಾಂಜಿನಪ್ಪನನ್ನು ಕರೆಸಿದರು. ಸಣಕಲು ಮನುಷ್ಯ, ಮೈಯೆಲ್ಲ ರಟ್ಟಿನ ಧೂಳು.

"ಅಜ್ಜಿ ಮಾಕಳೀಲೇ ಅವ್ರಲ್ಲ, ನಿಲ್ಲಿಸಿದ ಜಾಗದಲ್ಲಿ. ನೀವು ಹೋಗ್ಲಿಲ್ವಾ?" ಎಂದ. ಫೋನ್ ತೆಗೆದು ನೋಡಿ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ, ನಿಂತಿದ್ದ ಜಾಗ ಕಳ್ಸೋ ಬದಲು ಎಂಟು ಗಂಟೆಯ ಲೈವ್ ಒತ್ತಿಬಿಟ್ಟಿದ್ದೀನಿ. ನಮ್ ಓನರ್‌ಗೆ ದಿನಾ ಹಂಗೇ ಕಳ್ಸೋದು ಅಣ್ಣ, ಗಾಡಿ ಎಲ್ಲೆಲ್ಲಿ ಹೋಗುತ್ತೆ ಅಂತ ನೋಡ್ತಾ ಇರ್ತಾರೆ. ಕೈ ಅಭ್ಯಾಸ."

ಮಾಕಳಿಯಲ್ಲಿ ಯಾರ ನಂಬರಾದರೂ ಇದೆಯೇ ಎಂದರೆ ಅವನ ಹತ್ತಿರ ಇರಲಿಲ್ಲ. ಮಾಕಳಿ ತುಮಕೂರು ರಸ್ತೆಯಲ್ಲಿ, ಬೆಂಗಳೂರಿನ ಆ ತುದಿಯಲ್ಲಿದೆ. ನಾವು ಈ ತುದಿಯಲ್ಲಿದ್ದೆವು. ಅಷ್ಟು ಹೊತ್ತು ಕಣ್ಣು ಕಾಣದ ಹೆಂಗಸು ಲಾರಿಗಳ ರಸ್ತೆಯ ಪಕ್ಕದಲ್ಲಿ. ಅಲುಗಿದ್ದರೆ ಒಂದು ಕಷ್ಟ, ಅಲುಗದಿದ್ದರೆ ಇನ್ನೊಂದು. ಆ ದಿನ ನಾನು ಆಟೋ ಓಡಿಸಿದ ರೀತಿಯನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಕೊಟ್ರಪ್ಪ ಫೋನ್ ಜೇಬಿಗೆ ಹಾಕಿ, ಪ್ರತಿ ಸಿಗ್ನಲ್ಲಿನಲ್ಲೂ ಪಕ್ಕದ ಗಾಡಿಯವರನ್ನು ಮಾಕಳಿಗೆ ಇದೇ ದಾರಿಯಾ ಎಂದು ಕೇಳುತ್ತಿದ್ದ. ನನಗೆ ದಾರಿ ಗೊತ್ತಿತ್ತು. ಕೇಳಲಿ ಎಂದು ಬಿಟ್ಟೆ.

ಮಾಕಳಿಯಲ್ಲಿ ಬಸ್ ಸ್ಟಾಪಿನ ತಗಡಿನ ನೆರಳಿನಲ್ಲಿ ನಾಲ್ಕಾರು ಜನ ಕೂತಿದ್ದರು. ಅವರಲ್ಲಿ ದುರ್ಗವ್ವ ಇರಲಿಲ್ಲ. ಅವಳು ಆಚೆ, ಒಂದು ಕಂಬದ ಪಕ್ಕ, ಸುಡುವ ಬಿಸಿಲಿನಲ್ಲಿ ನಿಂತಿದ್ದಳು. ಗಂಟು ಕಾಲ ಬಳಿ ಇತ್ತು. ತುಟಿ ಒಣಗಿ ಬಿಳಿಚಿತ್ತು.

"ನಿಮ್ಮವರಾ?" ಎಂದು ಟೀ ಅಂಗಡಿಯವನು ನಮ್ಮ ಮೇಲೆ ರೇಗಿದ. "ಬೆಳಿಗ್ಗೆ ಅಲ್ಲಿ ನೆರಳಿತ್ತು, ಸರಿದೋಯ್ತು. ಒಳಗೆ ಬಾರವ್ವ ಅಂದ್ರೆ ಬರಲ್ಲ. ನೀರು ಕೊಟ್ರೆ ಕುಡಿಯಲ್ಲ, ಕುಡಿದ್ರೆ ಆಮೇಲೆ ಆ ಕಡೆ ಓಗ್ಬೇಕಾಗ್ತದೆ, ಮಗ ಅಲ್ಲಾಡಬೇಡ ಅಂದವ್ನೆ ಅಂತಾರೆ."

ಕೊಟ್ರಪ್ಪ ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡ. ಅವಳು ಕೈ ಸವರಿ, ಮಗನೆಂದು ಗುರುತಿಸಿ ನಕ್ಕಳು. ನಮ್ಮಿಬ್ಬರಿಗಿದ್ದ ದಿಗಿಲಿನಲ್ಲಿ ಒಂದು ಎಳೆಯೂ ಅವಳಿಗಿರಲಿಲ್ಲ.

"ನೀ ನೋಡಾಕತ್ತೀದಿ ಅಂತ ಧೈರ್ಯ ಇತ್ತಪ. ಬಿಸಿಲಿಗೆ ಮುಖದ ಮ್ಯಾಲ ಸೆರಗು ಹಾಕಿದ್ನಿ. ಆಗಾಗ ತಗೀತಿದ್ನಿ, ನಿನಗ ಕಾಣ್ಲಿ ಅಂತ. ಕಂಡೆನಿಲ್ಲೋ?"

ಕೊಟ್ರಪ್ಪ ಗಂಟು ಎತ್ತಿಕೊಂಡು "ಹೂಂ ಬೇ, ಕಂಡಿ" ಎಂದ.

ಆಟೋದಲ್ಲಿ ಕೂರಿಸಿ ನೀರು ಕುಡಿಸಿದೆವು. ಅವಳು ಮಗನ ಮುಖ ತಡವಿ, ಒದ್ದೆಯಾಗಿದ್ದ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು.

"ಇನ್ನ ಅದನ್ನ ಇಡಪ. ಮುಂಜಾನಿಂದ ನೋಡಿ ನೋಡಿ ನಿನ್ನ ಕಣ್ಣು ನೊಂದಿರ್ತಾವ."

ಕೊಟ್ರಪ್ಪ ಫೋನ್ ತೆಗೆದು ನನ್ನ ಕೈಗೆ ಕೊಟ್ಟ. ಅದರಲ್ಲಿ ಚುಕ್ಕಿ ಇನ್ನೂ ವೈಟ್‌ಫೀಲ್ಡ್‌ನಲ್ಲೇ ನಿಂತಿತ್ತು.