ಹನ್ನೆರಡು ಮನೆ, ಒಂದೇ ಅರ್ಜಿ

ನಮ್ಮ ಕಾಲೇಜಿನ ಬರವಣಿಗೆ ಸಹಾಯ ಕೇಂದ್ರದಲ್ಲಿ ಯಾರೂ ಏನನ್ನೂ ಬರೆದುಕೊಡುವುದಿಲ್ಲ, ತಿದ್ದಿಯೂ ಕೊಡುವುದಿಲ್ಲ. ಅದು ನನಗೆ ಗೊತ್ತಾದದ್ದು ಅಲ್ಲಿಗೆ ಹೋಗಿ ಕೂತ ಮೇಲೆ. ಮಡಿಕೇರಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಗ್ರಂಥಾಲಯದ ಹಿಂಭಾಗದಲ್ಲಿ ಹಳೆಯ ಪತ್ರಿಕೆಗಳ ರಾಶಿ ದಾಟಿ ಕೇಂದ್ರದ ಮೇಜನ್ನು ಹುಡುಕಿ, ನನ್ನ ಕ್ಷೇತ್ರಕಾರ್ಯದ ವರದಿಯನ್ನು ಅಲ್ಲಿ ಕೂತಿದ್ದವರ ಮುಂದಿಟ್ಟು, "ಎಲ್ಲಿ ತಪ್ಪಿದೆಯೋ ಗುರುತು ಹಾಕಿಕೊಡಿ ಮೇಡಂ" ಎಂದೆ. ಮೇಡಂ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. "ನಾವು ತಿದ್ದೋದಿಲ್ಲ. ಪ್ರಶ್ನೆ ಕೇಳ್ತೀವಿ, ನೀವೇ ತಿದ್ಕೋಬೇಕು" ಎಂದರು. ಅವರು ನನ್ನನ್ನು ಹೊರಗಿನವಳಂತೆ ಬಹುವಚನದಲ್ಲಿ ಮಾತಾಡಿಸಿದ್ದೂ ಸೇರಿ ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು? ಅಂದು ಬುಧವಾರ. ಶನಿವಾರ ಸಂಜೆ ನಾಲ್ಕರೊಳಗೆ ಆ ವರದಿಗೆ ಸಹಿ ಬೀಳದಿದ್ದರೆ ನಾನು ಬಿ.ಎ. ಕೊನೆಯ ಪರೀಕ್ಷೆಗೆ ಕೂರುವಂತಿರಲಿಲ್ಲ. ವಿಷಯ, ಹೊಳೆ ಉಕ್ಕಿ ಮನೆ ಕಳೆದುಕೊಂಡ ನೆಲ್ಯಹುದಿಕೇರಿಯ ಹನ್ನೆರಡು ಕುಟುಂಬಗಳು. ಏಳನೆಯದು ನಮ್ಮದೇ. ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಎರಡು ಸಲ ವಾಪಸ್ಸು ಕೊಟ್ಟಿದ್ದರು. ಎರಡನೆಯ ಸಲ ಎಲ್ಲರೆದುರು, "ಒಂದು ಮನೆಗೆ ಹೋಗಿ ಹನ್ನೆರಡು ಸಲ ಬರೆದಿದ್ದೀಯ. ಉಳಿದದ್ದು ಕೂತಲ್ಲೇ ಹೆಣೆದದ್ದು" ಅಂದರು. ಹನ್ನೆರಡು ಮನೆಗೂ ಸುತ್ತಿ ಚಪ್ಪಲಿ ಸವೆಸಿದವಳು ನಾನು! ಸಹಾಯ ಕೇಂದ್ರಕ್ಕೆ ಹೋಗು ಎಂದವರೂ ಅವರೇ.

ಮೇಡಂ ನಿಧಾನವಾಗಿ ಓದಿದರು. ಆಮೇಲೆ, "ಇದನ್ನ ಯಾರಿಗೆ ಬರೆದಿದ್ದೀರಿ?" ಎಂದು ಕೇಳಿದರು.

"ತಹಶೀಲ್ದಾರರಿಗೆ" ಎಂದುಬಿಟ್ಟೆ.

ನಾಲಗೆ ಕಚ್ಚಿಕೊಂಡೆ. ಅವರು ನಗಲಿಲ್ಲ. ನಾನು ವಿವರಿಸಬೇಕಾಯಿತು. ಹೊಳೆ ಬಂದ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ, ಅಕ್ಷರ ದುಂಡಗಿತ್ತು. ಗಂಜಿ ಕೇಂದ್ರದ ಬೆಂಚಿನ ಮೇಲೆ ಕೂತು ಹೊಳೆದಂಡೆಯವರ ಪರಿಹಾರದ ಅರ್ಜಿಗಳನ್ನೆಲ್ಲ ನಾನೇ ಬರೆದುಕೊಟ್ಟಿದ್ದೆ. ಮೊದಲ ಅರ್ಜಿಯನ್ನು ಕಚೇರಿಯವರು ಒಪ್ಪಿಕೊಂಡರು. ಉಳಿದವಕ್ಕೆ, ನಮ್ಮದಕ್ಕೂ, ಅದನ್ನೇ ನೋಡಿ ಹೆಸರು ಮಾತ್ರ ಬದಲಾಯಿಸಿದೆ. ಹೇಳಿಕೆ ಬದಲಾದರೆ ಪರಿಹಾರ ನಿಲ್ಲುತ್ತದೆಂದು ನಾನೇ ಹೇಳಿದ್ದೆ. ಆ ಹೆದರಿಕೆಗೆ ಜನ ಅದನ್ನು ಬಾಯಿಪಾಠ ಮಾಡಿಕೊಂಡು, ಬಂದ ಪ್ರತಿ ಅಧಿಕಾರಿಗೂ ಒಪ್ಪಿಸಿದರು. ಈಗ ನಾನು ಕಾಲೇಜಿನ ಪ್ರಶ್ನೆಪಟ್ಟಿ ಹಿಡಿದು ಹೋದಾಗಲೂ ಅದನ್ನೇ ಒಪ್ಪಿಸಿದ್ದರು. ನನ್ನದೇ ವಾಕ್ಯಗಳನ್ನು ನಾನು ಸಂದರ್ಶನ ಎಂದು ಬರೆದುಕೊಂಡು ಬಂದಿದ್ದೆ. ಇದು ನನಗೆ ಹೊಳೆದದ್ದೇ ಅವರಿಗೆ ಹೇಳುತ್ತಾ ಹೇಳುತ್ತಾ.

"ಏಳನೇ ಮನೆ ನಿಮ್ದೇ ಅಂತ ಬರೆದಿದ್ದೀರಿ. ಅಲ್ಲಿ ಮರದ ಮಂಚ ಹೋಯ್ತು ಅಂತಿದೆ. ಅದನ್ನ ಮನೇಲಿ ಯಾವ ಕಡೆ ಹಾಕಿದ್ರಿ?" ಎಂದರು ಮೇಡಂ.

ನಮ್ಮ ಮನೆಯಲ್ಲಿ ಮಂಚ ಇರಲೇ ಇಲ್ಲ. ನಾವು ಮಲಗುತ್ತಿದ್ದದ್ದು ಚಾಪೆಯ ಮೇಲೆ ಎಂದು ಒಪ್ಪಿಕೊಂಡೆ.

"ಹಾಗಾದ್ರೆ ನಿಮ್ಮನೇಲಿ ಹೋದದ್ದೇನು?"

ನೆನಪಾಗಲಿಲ್ಲ. ನಾಚಿಕೆಯಾಯಿತು. ಅಷ್ಟರಲ್ಲಿ ನನಗೆ ಕೊಟ್ಟಿದ್ದ ಅರ್ಧ ಗಂಟೆ ಮುಗಿಯಿತೆಂದು ಮೇಡಂ ಮುಂದಿನವರನ್ನು ಕರೆದರು. ವರದಿಯ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ಇಂಥ ಸಹಾಯ ಯಾರಿಗೆ ಬೇಕು ಎಂದು ಬೈದುಕೊಂಡೇ ಬಸ್ ಹತ್ತಿದೆ.

ಆದರೂ ಗುರುವಾರ, ಶುಕ್ರವಾರ, ನಿಜಕ್ಕೂ ಹೋದದ್ದೇನೆಂದು ಕೇಳುತ್ತಾ ಮತ್ತೆ ಮನೆ ಮನೆ ಸುತ್ತಿದೆ. ಹಲವರು ಬಾಗಿಲಲ್ಲೇ ನಿಲ್ಲಿಸಿದರು. "ಒಮ್ಮೆ ಹೇಳಿ ಆಯ್ತಲ್ಲ ಮಾರಾಯ್ತಿ, ಈಗ ಬೇರೆ ಹೇಳಿ, ಸರ್ಕಾರ ಕೊಟ್ಟ ಮನೆ ವಾಪಸ್ ಕೇಳಿದ್ರೆ ಏನು ಮಾಡುದು?" ಎಂದರು ಒಬ್ಬ ಅಜ್ಜ. ಅವರ ಮೇಲೂ ಸಿಟ್ಟು ಬಂತು. ಆದರೆ ಆ ಹೆದರಿಕೆಯನ್ನು ಕಲಿಸಿದವಳು ನಾನೇ ಆಗಿದ್ದರಿಂದ ಮುಂದಿನ ಮನೆಗೆ ನಡೆದೆ. ಎರಡು ದಿನಕ್ಕೆ ನಾಲ್ಕೇ ಮನೆಯವರು ಬಾಯಿಬಿಟ್ಟರು. ಮೇಷ್ಟ್ರಿಗೆ ಫೋನ್ ಮಾಡಿದರೆ, "ಐದಾದರೂ ಇರಲಿ. ಕಡಿಮೆಯಾದರೆ ತರಲೇ ಬೇಡ" ಎಂದರು.

ಶನಿವಾರ ಬೆಳಿಗ್ಗೆ ಅವ್ವ ಎಸ್ಟೇಟಿಗೆ ಹೊರಡಲು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು.

"ಅವ್ವ, ಹೊಳೇಲಿ ನಮ್ದು ಏನ್ ಹೋಯ್ತು?"

"ಮರದ ಮಂಚ ಒಂದು," ಎಂದು ಶುರುಮಾಡಿದಳು.

"ನಮಗೆಲ್ಲಿತ್ತವ್ವ ಮಂಚ!" ಕಿರುಚಿಬಿಟ್ಟೆ.

ಅವ್ವ ಬಟ್ಟೆಯ ಗಂಟು ಬಿಗಿದು, "ಚೇಚಿ ಹೋದ್ಳಲ್ಲ" ಎಂದಳು.

ಚೇಚಿ ಎಂದರೆ ನಮ್ಮ ಹಳೆಯ ಮನೆಯ ಪಕ್ಕದ ಮಲಯಾಳಿ ಅಕ್ಕ. ಅವರು ಬದುಕಿಯೇ ಇದ್ದಾರೆ. ಚೀಟಿ ಎತ್ತಿ ಹೊಸ ಮನೆ ಹಂಚುವಾಗ ಅವರಿಗೆ ದೂರದ ಬೇರೆ ಕಾಲೊನಿ ಬಂತು, ಹೋಗಲು ಎರಡು ಬಸ್ಸು ಹಿಡಿಯಬೇಕು.

"ನಮ್ಗೂ ಅವ್ಳಿಗೂ ಮಧ್ಯೆ ಒಂದೇ ಗೋಡೆ ಕಣೆ. ಉಪ್ಪು ಬೇಕಾದ್ರೆ ನಾನು ಬಡೀತಿದ್ದೆ, ಜ್ವರ ಬಂದ್ರೆ ಅವ್ಳು ಬಡಿಯೋಳು. ಈ ಮನೇಲಿ ಬಡಿದ್ರೆ ಆಚೆ ಯಾರವ್ರೆ?"

ನಿಂತಲ್ಲೇ ಬರೆದುಕೊಂಡೆ. ಅದು ಬಾಯಿಬಿಟ್ಟ ಐದನೆಯ ಮನೆಯಾಯಿತು. ಅಂದು ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೇಷ್ಟ್ರು ಓದಿ ಸಹಿ ಹಾಕಿದರು. ಅವ್ವನ ಮಾತಿನಲ್ಲಿ ಕೊನೆಯದೊಂದನ್ನು ಮಾತ್ರ ನಾನು ವರದಿಗೆ ಸೇರಿಸಿರಲಿಲ್ಲ. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಾ ಅವಳು ಅಂದಿದ್ದಳು:

"ಇದನ್ನ ಅವತ್ತು ಗಂಜಿ ಕೇಂದ್ರದಲ್ಲೇ ಹೇಳಿದ್ನಲ್ಲ. ಅದೆಲ್ಲ ಅರ್ಜೀಲಿ ಬರಲ್ಲ, ಸುಮ್ನಿರವ್ವ ಅಂತ ನೀನೇ ಅಂದಿದ್ದೆ."